ಅಟ್ಟದ ಮೇಲಿನ ನಂಟರು

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಒಂದರ್ಧ ದಿನ ಸುಮ್ಮನೆ ಅಡ್ಡಾಡಿದರೆ ಸಾಕು, ನಾಲ್ಕು ಭಾಷೆಯ ಚೂರುಪಾರು ಕಿವಿಗೆ ಬೀಳುತ್ತವೆ. ರೈತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಹಾಕಿ, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎಂದಾಗ ಸುಲಿದು ಒಡೆದು ತರುವುದು ಉಂಡೆ ಕೊಬ್ಬರಿ. ಉತ್ತರದ ವ್ಯಾಪಾರಿಗೆ ಅದು ಗೋಲಾ. ಸರ್ಕಾರಿ ಕಡತದಲ್ಲಿ ಬಾಲ್ ಕೋಪ್ರಾ. ಇಂಗ್ಲಿಷಿನದೆಂದು ಹೆದರಬೇಕಾಗಿಲ್ಲ, ಮಲಯಾಳದ ಕೊಪ್ಪರವನ್ನು ಪೋರ್ಚುಗೀಸರು ಹಡಗು ಹತ್ತಿಸಿದರು, ಅವರಿಂದ ಇಂಗ್ಲಿಷರಿಗೆ ದಾಟಿತು, ಈಗ ಬೆಂಬಲ ಬೆಲೆಯ ಅರ್ಜಿಯಲ್ಲಿ ಕೂತು ವಾಪಸು ಬಂದಿದೆ. ಮರಾಠಿಯ ಖೋಬರೆ, ಹಿಂದಿಯ ಖೋಪ್ರಾ ಕೂಡ ಇದೇ ವಂಶ.

ತೆಲುಗರ ಹತ್ತಿರ ಮಾತ್ರ ಸ್ವಲ್ಪ ಹುಷಾರು. ಅವರಿಗೆ ತೆಂಗಿನ ಮರವೇ ಕೊಬ್ಬರಿ ಚೆಟ್ಟು, ಹಸಿ ಕಾಯಿಯ ಚಟ್ನಿಯೇ ಕೊಬ್ಬರಿ ಪಚ್ಚಡಿ. ವರ್ಷವಿಡೀ ಅಟ್ಟ ಕಾದವರ ಮುಂದೆ ಕೊಬ್ಬರಿ ಮರದಲ್ಲೇ ನೇತಾಡುತ್ತದೆ ಎಂದರೆ ಹೇಗಾಗಬೇಡ?

ತಮಿಳಿನ ಇಳನೀರ್ ನಮ್ಮ ಎಳನೀರೆಂಬುದು ಯಾರಿಗೂ ಹೊಳೆಯುತ್ತದೆ. ನನಗೆ ಖುಷಿ ಕೊಟ್ಟದ್ದು ಅವರ ಚಿರಟ್ಟೈ. ನಮ್ಮ ಕಿವಿ ತಮಿಳಿನಲ್ಲಿ ಚೆವಿಯಾದ ಹಾಗೇ ನಮ್ಮ ಗೆರಟೆ, ಕರಟ ಅಲ್ಲಿ ಚಿರಟ್ಟೈ. ಪಾಳೈ ಇನ್ನೂ ಸೊಗಸು. ಪಕಾರ ಹಕಾರವಾದ ಕಾಲದಲ್ಲಿ ಪಾಲ್ ಹಾಲಾಯಿತು, ಪಾಳೆ ಹಾಳೆಯಾಯಿತು. ಹೊಂಬಾಳೆಯಲ್ಲಿ ಮಾತ್ರ ಅದು ಸೊನ್ನೆಯ ಮರೆಯಲ್ಲಿ ಬಕಾರವಾಗಿ ಅಡಗಿ ಉಳಿದುಕೊಂಡಿತು. ಬಾಳೆಹಣ್ಣಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಪರಭಾಷೆಯ ಈ ಚಪಲ ಈ ಸೀಮೆಗೆ ಹೊಸದೂ ಅಲ್ಲ. 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರು ಸಾಫೊಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಿದರು. ಅವರ ಶಿಷ್ಯ ತೀ.ನಂ.ಶ್ರೀ. ಹುಟ್ಟಿದ್ದು 1906ರಲ್ಲಿ, ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಭಾಷಾವಿಜ್ಞಾನ ಅವರ ಒಂದು ಕಣ್ಣು, ಕಾವ್ಯಮೀಮಾಂಸೆ ಇನ್ನೊಂದು. ಅವರ ಲಲಿತ ಪ್ರಬಂಧಗಳ ಪುಸ್ತಕದ ಹೆಸರು ‘ನಂಟರು’. ಹೆಸರಷ್ಟೇ ಕೇಳಿದವರು ಪದಗಳ ನೆಂಟಸ್ತನದ ಪುಸ್ತಕವೆಂದು ಎಣಿಸಿದರೆ ತಪ್ಪು ಹೊರಿಸಲಾರೆ.

ಕಣ್ಣೆಂದಾಗ ನೆನಪಾಯಿತು. ಕಾಯಿಯ ಮೂರು ಕಣ್ಣು ಕಂಡ ಪೋರ್ಚುಗೀಸರು ಅದನ್ನು ಕೋಕೋ ಎಂದರು. ಅವರ ಮಾತಿನಲ್ಲಿ ಅದು ಮಕ್ಕಳನ್ನು ಹೆದರಿಸುವ ಗುಮ್ಮ. ಹಿಂದಿಯಲ್ಲಿ ಖೋಪ್ರಾದ ಮಗ್ಗುಲಲ್ಲೇ ಖೋಪಡಿ ಇದೆ, ಅಂದರೆ ತಲೆಬುರುಡೆ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೇಳದಿದ್ದರೆ ಒಳ್ಳೆಯದು. ನಮ್ಮವರು ಅದೇ ಮೂರು ಕಣ್ಣಲ್ಲಿ ಮುಕ್ಕಣ್ಣನನ್ನು ಕಂಡು ದೇವರ ಮುಂದಿಟ್ಟರು. ಹಾಗಂತ ಬೀಗುವಂತಿಲ್ಲ. ಎಳನೀರು ಕುಡಿದು ಮುಗಿಸಿದ ಮೇಲೆ ನಾವೂ ಅದನ್ನು ಬುರುಡೆ ಎಂದೇ ಕರೆದು ಚರಂಡಿಯ ಪಕ್ಕಕ್ಕೆ ಎಸೆಯುತ್ತೇವೆ.