ನೂರು ಕಣ ಸಿಗದ ಸ್ಲೈಡು

ಕಲ್ಮಲ ನನ್ನೂರು. ರಾಯಚೂರಿನಿಂದ ಬಂದ ರಸ್ತೆ ಅಲ್ಲಿ ಕವಲೊಡೆದು ಒಂದು ಮಾನ್ವಿ ಕಡೆ, ಇನ್ನೊಂದು ಸಿರವಾರ, ಲಿಂಗಸುಗೂರು ಕಡೆ ಹೋಗುತ್ತದೆ. 1986ರಲ್ಲಿ ರಾಯಚೂರಿನ ಒಂದು ಲ್ಯಾಬಿಗೆ ಸೇರಿದಾಗ ದಿನಾ ಆ ಕವಲಿನಲ್ಲೇ ಬಸ್ಸು ಹಿಡಿಯುತ್ತಿದ್ದೆ.

ಆಗ ಬಿಳಿ ರಕ್ತಕಣ ಎಣಿಸುವುದೆಂದರೆ ಬಾಯಿ, ಕಣ್ಣು ಎರಡರ ಕೆಲಸ. ಪಿಪೆಟ್ಟಿನ ರಬ್ಬರ್ ಕೊಳವೆ ಬಾಯಲ್ಲಿಟ್ಟುಕೊಂಡು 0.5ರ ಗೆರೆಗೆ ರಕ್ತ, 11ರ ಗೆರೆಗೆ ದ್ರಾವಣ ಎಳೆದು, ನ್ಯೂಬಾವರ್ ಗಾಜಿನ ಚೌಕಗಳಲ್ಲಿ ಎಣಿಸಬೇಕು. ಆಮೇಲೆ ಲೀಷ್‌ಮನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ನೂರು ಬಿಳಿ ಕಣ ಹುಡುಕಿ, ಯಾವ ಜಾತಿಯವು ಎಷ್ಟೆಂದು ಬರೆಯಬೇಕು. ಕೈ ಪಳಗಿದವರಿಗೆ ಐದು ನಿಮಿಷದ ಕೆಲಸ.

1991ರಲ್ಲಿ ಒಂದು ಸ್ಲೈಡು ನನ್ನನ್ನು ಮುಕ್ಕಾಲು ಗಂಟೆ ಕೂರಿಸಿತು. ನಮ್ಮೂರಿನದೇ ಹುಡುಗ, ಹದಿನಾರು ವರ್ಷ. ವಸಡಿನಲ್ಲಿ ರಕ್ತ, ಮೊಣಕಾಲ ಕೆಳಗೆ ಚಿಗಟ ಕಚ್ಚಿದಂಥ ಚುಕ್ಕೆ. ಹಿಮೋಗ್ಲೋಬಿನ್ 4 ಗ್ರಾಂ. ಸ್ಲೈಡನ್ನು ಈ ಅಂಚಿನಿಂದ ಆ ಅಂಚಿಗೆ ಸರಿಸುತ್ತಾ ಹೋದೆ. ನೂರು ಕಣ ಸಿಗಲೇ ಇಲ್ಲ. ಪ್ಲೇಟ್‌ಲೆಟ್ ಅಂತೂ ಹತ್ತು ಜಾಗ ನೋಡಿದರೆ ಒಂದು. ಬಣ್ಣ ಕೆಟ್ಟಿರಬೇಕೆಂದುಕೊಂಡು ಇನ್ನೊಂದು ಸ್ಲೈಡು ಎಳೆದೆ. ಅದೂ ಹಾಗೇ. ಸೊಂಟದ ಎಲುಬಿನಿಂದ ತೆಗೆದ ತುಣುಕಿನಲ್ಲಿ ರಕ್ತ ಹುಟ್ಟುವ ಜಾಗವೆಲ್ಲ ಬರೀ ಕೊಬ್ಬು. ಅಪ್ಲಾಸ್ಟಿಕ್ ಅನೀಮಿಯಾ ಎಂಬ ಹೆಸರನ್ನು ಪುಸ್ತಕದ ಹೊರಗೆ ನಾನು ಮೊದಲು ಕೇಳಿದ್ದು ಆ ದಿನ.

ಹುಡುಗನ ಮನೆಯವರ ಜೊತೆ, ವೆಲ್ಲೂರಿಗೆಂದು, ಕಾಟ್ಪಾಡಿಯವರೆಗೆ ರೈಲಿನಲ್ಲಿ ನಾನೂ ಹೋದೆ. ಅಲ್ಲಿನ ಸಿಎಂಸಿ ಆಸ್ಪತ್ರೆಯಲ್ಲಿ 1986ರಿಂದ ಅಸ್ಥಿಮಜ್ಜೆ ಕಸಿ ನಡೆಯುತ್ತಿತ್ತು. ಅದಕ್ಕೂ ಮೊದಲು, 1983ರಲ್ಲಿ, ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ದೇಶದ ಮೊದಲ ಕಸಿಯಾಗಿತ್ತು. ಒಡಹುಟ್ಟಿದವರ ಮಜ್ಜೆ ಹೊಂದುವುದು ನಾಲ್ಕರಲ್ಲಿ ಒಂದು ಪಾಲು. ಹುಡುಗನಿಗೆ ಇಬ್ಬರು ಅಕ್ಕಂದಿರು, ಇಬ್ಬರದೂ ಹೊಂದಲಿಲ್ಲ. ಉಳಿದದ್ದು ಎಟಿಜಿ ಎಂಬ ಸೀರಮ್. ಅದರ ಬೆಲೆಗೆ ಅವರ ನಾಲ್ಕು ಎಕರೆ ಹೊಲ ಮಾರಿದರೂ ಸಾಲುತ್ತಿರಲಿಲ್ಲ. ಒಂದಿಷ್ಟು ಮಾತ್ರೆ ಕಟ್ಟಿಸಿಕೊಂಡು ಮರಳಿದೆವು.

ಆಮೇಲೆ ವಾರಕ್ಕೊಮ್ಮೆ ಅವನಪ್ಪ ಲ್ಯಾಬಿನ ಕಿಟಕಿಗೆ ಬಂದು ನಿಲ್ಲುತ್ತಿದ್ದ. "ಇವತ್ತ ಎಷ್ಟು ಅದಾವ್ರಿ ಸರ?" ಸಂಖ್ಯೆ ಹೇಳುವುದು ನನ್ನ ಕೆಲಸ, ಹೇಳುತ್ತಿದ್ದೆ. ಎಂಟು ತಿಂಗಳು ಹೇಳಿದೆ. ಹಿಂಗಾರಿ ಜೋಳ ಕೊಯ್ಲಿಗೆ ಬಂದ ಹೊತ್ತಿಗೆ ಹುಡುಗ ಹೋದ.

ಆ ಸೀರಮ್ಮಿನ ಕಥೆಯನ್ನು ನಾನು ಹುಡುಕಿಕೊಂಡು ಓದಿದ್ದು ಅವನ ನಂತರ. 1970ರ ಸುಮಾರಿಗೆ ಫ್ರಾನ್ಸಿನ ಜಾರ್ಜ್ ಮಾಟೆ ಎಂಬ ವೈದ್ಯರು, ಬೇರೆಯವರ ಮಜ್ಜೆ ನಾಟಲೆಂದು ರೋಗಿಗಳಿಗೆ ಮೊದಲು ಲಿಂಫೋಸೈಟು ಎಂಬ ಮೈಕಾಯುವ ಕಣಗಳನ್ನು ಅಡಗಿಸುವ ಸೀರಮ್ ಕೊಟ್ಟರು. ಕಸಿ ನಾಟಲಿಲ್ಲ, ಆದರೆ ಕೆಲವರಲ್ಲಿ ಅವರದೇ ಮಜ್ಜೆ ಮತ್ತೆ ಚಿಗುರಿತು. ಅಲ್ಲಿಂದ ಹೊಳೆಯಿತು: ಮಜ್ಜೆ ತಾನಾಗಿ ಒಣಗಿದ್ದಲ್ಲ, ಆ ಮೈಕಾಯುವ ಕಣಗಳೇ ಅದರ ಮೇಲೆ ಬಿದ್ದಿವೆ. ಬಾಸೆಲ್‌ನ ಬ್ರೂನೋ ಸ್ಪೆಕ್ 1977ರಲ್ಲಿ ಅದನ್ನೇ ಚಿಕಿತ್ಸೆಯಾಗಿ ಮುಂದಿಟ್ಟರು. 1991ರಲ್ಲಿ, ನಾವು ಕಾಟ್ಪಾಡಿಯಿಂದ ಬರಿಗೈಲಿ ಬಂದ ಅದೇ ವರ್ಷ, ಸೀರಮ್ ಜೊತೆಗೆ ಸೈಕ್ಲೋಸ್ಪೊರಿನ್ ಎಂಬ ಔಷಧ ಕೊಟ್ಟರೆ ಹೆಚ್ಚು ಜನ ಚೇತರಿಸಿಕೊಳ್ಳುತ್ತಾರೆಂದು ಜರ್ಮನಿಯ ವೈದ್ಯರು ತೋರಿಸಿದರು. ಆ ವರ್ಷವನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತಿದ್ದೆ.

ಲ್ಯಾಬಿಗೆ ಯಂತ್ರ ಬಂತು, ಬಾಯಿಂದ ಪಿಪೆಟ್ಟು ಹೋಯಿತು. ಮಿಕ್ಕ ಬದಲಾವಣೆಗಳನ್ನು ಬರೆಯುತ್ತಾ ಕೂರುವುದಿಲ್ಲ.

ಕುದುರೆ, ಮೊಲದ ವಿಷಯ ಮಾತ್ರ ಹೇಳಲೇಬೇಕು. ಎಟಿಜಿಯನ್ನು ಕುದುರೆಯಿಂದಲೂ ಮಾಡುತ್ತಾರೆ, ಮೊಲದಿಂದಲೂ ಮಾಡುತ್ತಾರೆ. ಮೊಲದ್ದೇ ಖಾರ, ಅದೇ ಮೇಲು ಎಂಬುದು ಬಲ್ಲವರ ನಂಬಿಕೆಯಾಗಿತ್ತು. ಅಮೆರಿಕದ ಎನ್‌ಐಎಚ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ನೀಲ್ ಯಂಗ್ ಅವರ ತಂಡ 120 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಪಾಲಿಗೊಂದರಂತೆ ಕೊಟ್ಟು ನೋಡಿತು. 2011ರಲ್ಲಿ ಲೆಕ್ಕ ಹೊರಬಂತು: ಆರು ತಿಂಗಳಿಗೆ ಕುದುರೆಯ ಸೀರಮ್ಮಿನಲ್ಲಿ ನೂರಕ್ಕೆ 68 ಜನ ಚೇತರಿಸಿಕೊಂಡಿದ್ದರು, ಮೊಲದ್ದರಲ್ಲಿ 37. ಕೂತು ಎಣಿಸದಿದ್ದರೆ ದೊಡ್ಡವರ ನಂಬಿಕೆಯೇ ಔಷಧವಾಗಿ ನಡೆದುಬಿಡುತ್ತಿತ್ತು. ಕುದುರೆಯ ಸೀರಮ್ಮನ್ನು ನಮ್ಮ ದೇಶದಲ್ಲೇ ಭಾರತ್ ಸೀರಮ್ಸ್ ಕಂಪನಿ ತಯಾರಿಸುತ್ತದೆ.

2019ರಲ್ಲಿ ಅಂಥದೇ ಇನ್ನೊಂದು ಸ್ಲೈಡು ಕಂಡೆ. ಮಾನ್ವಿ ಕಡೆಯ ಹುಡುಗಿ, ಪಿಯುಸಿ ಓದುತ್ತಿದ್ದಳು. ಯಂತ್ರದ ಚೀಟಿಯನ್ನು ಒತ್ತಟ್ಟಿಗಿಟ್ಟು ನಾನೇ ಕೂತು ನೋಡಿದೆ. ಅದೇ ಖಾಲಿ ಜಾಗ. ಈ ಸಲವೂ ಕಾಟ್ಪಾಡಿಯ ರೈಲು.

ಆಸ್ಪತ್ರೆಯಲ್ಲಿ ಅವಳ ರಕ್ತದ ಮಾದರಿಯನ್ನು ಅಧ್ಯಯನಕ್ಕೆ ಇಟ್ಟುಕೊಳ್ಳಲು ಒಪ್ಪಿಗೆ ಪತ್ರ ಕೊಟ್ಟರು. ಅವಳಪ್ಪನ ಕೈ ನಡುಗಿತು. "ನಮ್ಮ ಹುಡುಗಿ ಮ್ಯಾಲ ಔಷಧ ಪರೀಕ್ಷಾ ಮಾಡ್ತಾರೇನ್ರಿ ಅಣ್ಣಾರ?" ಒಂದೊಂದೇ ಸಾಲು ನಮ್ಮ ಮಾತಿನಲ್ಲಿ ಓದಿ ಹೇಳಿದೆ. ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂಬ ಸಾಲನ್ನು ಆತ ಮೂರು ಸಲ ಓದಿಸಿದ. ಆಮೇಲೆ ಮಗಳನ್ನೇ ಕೇಳಿದ. ಅವಳು ಹೂಂ ಅಂದಳು.

ಕುದುರೆಯ ಸೀರಮ್ ನಾಲ್ಕು ದಿನ ಹನಿಹನಿಯಾಗಿ ಏರಿತು. ಮೊದಲ ರಾತ್ರಿ ಚಳಿಜ್ವರಕ್ಕೆ ಮಂಚ ಅಲುಗುತ್ತಿತ್ತು. ಜೊತೆಗೆ ಸೈಕ್ಲೋಸ್ಪೊರಿನ್, ಎಲ್ಟ್ರಾಂಬೊಪ್ಯಾಗ್ ಮಾತ್ರೆ. ಈ ಎರಡನೆಯ ಮಾತ್ರೆ ಪ್ಲೇಟ್‌ಲೆಟ್ ಹೆಚ್ಚಿಸಲೆಂದು ಬಂದದ್ದು. 2012ರಲ್ಲಿ ಸೀರಮ್ಮಿಗೂ ಬಗ್ಗದ 25 ರೋಗಿಗಳಿಗೆ ಕೊಟ್ಟು ನೋಡಿದಾಗ 11 ಜನರಲ್ಲಿ ಗುಣ ಕಂಡಿತು, ಕೆಲವರಲ್ಲಿ ಕೆಂಪು, ಬಿಳಿ ಕಣಗಳೂ ಏರಿದ್ದವು.

ನಾಲ್ಕನೆಯ ತಿಂಗಳು ಅವಳ ರಕ್ತವನ್ನು ನೀಲಿ ಬಣ್ಣದಲ್ಲಿ ನೆನೆಸಿ ರೆಟಿಕ್ಯುಲೊಸೈಟ್ ಹುಡುಕಿದೆ. ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆಯ ಕೆಂಪು ಕಣಗಳು ಅವು, ಒಳಗೆ ನೀಲಿ ನೂಲಿನ ಗಂಟಿನಂತೆ ಕಾಣುತ್ತವೆ. ಒಂದು ಕಂಡಿತು. ಪಕ್ಕದಲ್ಲೇ ಇನ್ನೊಂದು. ಎಣಿಕೆ ತಪ್ಪೀತೆಂದು ಮೊದಲಿನಿಂದ ಶುರುಮಾಡಿದೆ.

ಸೈಕ್ಲೋಸ್ಪೊರಿನ್ ಒಮ್ಮೆಲೇ ಬಿಡುವ ಹಾಗಿಲ್ಲ, ಕಣಗಳು ಮತ್ತೆ ಇಳಿಯಬಹುದು; ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಬೇಕು. ಹಾಗಾಗಿ ಆ ಅಪ್ಪನೂ ಕಿಟಕಿಗೆ ಬರುತ್ತಲೇ ಇದ್ದ. ಚೀಟಿ ಕೈಗೆ ಕೊಡುವ ಮೊದಲೇ ಕೇಳುತ್ತಿದ್ದ, "ಎಷ್ಟು ಅದಾವ್ರಿ?"