ಕೊಡದಲ್ಲಿ ಉಳಿದ ಮೀನುಗಳು

ಮಕ್ಕಳೇ, ಕೆಂಭಾವಿ ಕಡೆಯ ಒಂದು ಶಾಲೆಯ ಬಾವಿಗೆ ಹಿಂದೊಮ್ಮೆ ನಾನೇ ಗ್ಯಾಂಬೂಸಿಯಾ ಮೀನು ಬಿಡಿಸಿದ್ದೆ. ಸೊಳ್ಳೆಮರಿ ತಿನ್ನುವ ಮೀನೆಂದು ಎಲ್ಲರಿಗೂ ಖುಷಿ. ಕೊಡದಲ್ಲಿ ನಾಲ್ಕು ಉಳಿದವು. ಸಾಯಿಸಲು ಮನಸ್ಸಾಗದೆ ಪಕ್ಕದ ಹಳ್ಳಕ್ಕೆ ಸುರಿದೆ. ಎಂ.ಎಸ್ಸಿ. ಓದಿದವನು ಮಾಡುವ ಕೆಲಸವೇ ಅದು?

ಗ್ಯಾಂಬೂಸಿಯಾದ ತವರು ಅಮೆರಿಕ. 1928ರಲ್ಲಿ ಇಟಲಿಯಿಂದ ಇದನ್ನು ಭಾರತಕ್ಕೆ ತಂದರು. ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ. ಮರಿ ಹೊತ್ತ ಒಂದೇ ಹೆಣ್ಣಿನಿಂದ ಹೊಂಡ ತುಂಬೀತು. ಬಾವಿಯಲ್ಲಿ ಸೊಳ್ಳೆಮರಿ ತಿನ್ನುವುದು ನಿಜ. ಆದರೆ ಹಳ್ಳಕ್ಕಿಳಿದರೆ ನಮ್ಮ ಮೀನುಗಳ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಯಾವುದನ್ನೂ ಬಿಡದು. ತನಗಿಂತ ದೊಡ್ಡ ಮೀನುಗಳ ಈಜುರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ನಮ್ಮ ಹಳ್ಳಗಳ ನೀರು ಕೊನೆಗೆ ಸೇರುವುದು ಕೃಷ್ಣೆಯನ್ನೇ ಅಲ್ಲವೇ?

ಸೊಳ್ಳೆಮರಿ ತಿನ್ನುವ ಮೀನು ನಮ್ಮಲ್ಲೇ ಇದೆ. ಹೆಸರು ಆಪ್ಲೋಕೈಲಸ್. ನೀರಿನ ಮೇಲ್ಪದರದಲ್ಲೇ ಸುಳಿದಾಡುವ ಇದರ ನೆತ್ತಿಯ ಮೇಲೆ ಬೆಳ್ಳಿಯಂಥ ಚುಕ್ಕೆ ಹೊಳೆಯುತ್ತದೆ. ಅದನ್ನು ಮೊದಲೇ ಹುಡುಕಬೇಕಿತ್ತು. ನಿಮ್ಮೂರಲ್ಲಿ ಗ್ಯಾಂಬೂಸಿಯಾ ಉಳಿದರೆ, ತಂದವರಿಗೇ ವಾಪಸು ಕೊಡಿ.

ಮರುವರ್ಷ ಮಕ್ಕಳೊಂದಿಗೆ ಹಳೆಯ ಸೊಳ್ಳೆಪರದೆ ಹಿಡಿದು ಆ ಹಳ್ಳಕ್ಕಿಳಿದೆ. ಮೊದಲ ಸಲ ಎಳೆದಾಗಲೇ ಹನ್ನೊಂದು ಮೀನು ಬಂದವು. ಎಲ್ಲವೂ ಗ್ಯಾಂಬೂಸಿಯಾ. ಐದನೇ ತರಗತಿಯ ಹುಡುಗಿಯೊಬ್ಬಳು ಎಣಿಸಿ ನೋಡಿ ಕೇಳಿದಳು: "ಸರ್, ನೀವು ಬಿಟ್ಟಿದ್ದು ನಾಕೇ ಅಲ್ರೀ?"