ಎರಡು ವರ್ಷಕ್ಕೊಮ್ಮೆ ಬರುವ ಗಿರಾಕಿ

ಜಾತ್ರೆಗೆ ಹೋಗಿ ಬಳೆ, ರಿಬ್ಬನ್ನು, ಮಿಠಾಯಿ ತರುವುದು ನಮಗೆಲ್ಲ ಗೊತ್ತು. ಆದರೆ ಜಾತ್ರೆಯಲ್ಲಿ ಅಂಗಡಿ ಹಾಕಿಕೊಂಡು ಕೂತಿದ್ದೀರಾ ಎಂದಾದರೂ? ನಾನು ಕೂತಿದ್ದೇನೆ ನೋಡಿ! ಅದೂ ಬಳೆ ಅಂಗಡಿಯಲ್ಲ, ಮಂಡಕ್ಕಿ ಅಂಗಡಿಯೂ ಅಲ್ಲ. ಟೀ ಶರ್ಟಿನ ಮೇಲೆ ಕೇಳಿದ ಹೆಸರು, ಚಿತ್ರ ಅಚ್ಚೊತ್ತಿ ಕೊಡುವ ಅಂಗಡಿ. ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿ, ಒಲೆಯ ಮುಂದೆ ಇಪ್ಪತ್ತು ವರ್ಷ ಕಳೆದವಳಿಗೆ ಇದೆಲ್ಲಿಂದ ಗಂಟುಬಿತ್ತು ಅಂತೀರಾ? ಹೇಳುತ್ತೇನೆ. ಲಾಭದ ಕತೆ ಹೇಳಿಕೊಳ್ಳುವುದಕ್ಕಲ್ಲ. ನಾನು ಮಾಡಿದ ಒಂದು ತಪ್ಪು ಮನಸ್ಸಿನಲ್ಲಿ ಕೊರೆಯುತ್ತಿದೆ, ನಿಮ್ಮೆದುರಾದರೂ ಹೇಳಿಬಿಡೋಣ ಅಂತ.

ಶಿರಸಿಯಲ್ಲಿ ನಮ್ಮ ಮನೆಯವರದು ಒಂದು ಪುಟ್ಟ ಜೆರಾಕ್ಸ್ ಅಂಗಡಿ. 2020ರಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ ಜೆರಾಕ್ಸ್ ಯಾರಿಗೆ ಬೇಕು? ಒಂದೂವರೆ ವರ್ಷ ಹೇಗೋ ತಳ್ಳಿದೆವು. ಆಗ ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ಬಂದವನು, "ಅಕ್ಕಾ, ಬಟ್ಟೆ ಮೇಲೆ ಶಾಖದಿಂದ ಅಚ್ಚೊತ್ತೋ ಮಷೀನು ಇದೆ. ಭಾವನಿಗೆ ಕಂಪ್ಯೂಟರ್ ಗೊತ್ತು, ನಿನಗೆ ಇಸ್ತ್ರಿ ಗೊತ್ತು. ಮಾರ್ಚಿಗೆ ನಿಮ್ಮೂರ ಜಾತ್ರೆ ಬೇರೆ ಇದೆ, ನೋಡು" ಅಂದ.

ನಮ್ಮ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಮ್ಮ ರಥವೇರಿ ಬಿಡಕಿ ಬಯಲಿನ ಗದ್ದುಗೆಗೆ ಬಂದು ಕೂತಳೆಂದರೆ ಊರಿಗೆ ಊರೇ ಬೇರೆಯಾಗುತ್ತದೆ. ಒಂಬತ್ತು ದಿನದ ಜಾತ್ರೆ. ಘಟ್ಟದ ಕೆಳಗಿನವರು, ಮೇಲಿನವರು ಎಲ್ಲ ಬರುತ್ತಾರೆ. ಸರಿ, ಅಮ್ಮ ಕೊಟ್ಟ ಜೊತೆ ಬಳೆ ಅಡವಿಟ್ಟು 40,000 ರೂಪಾಯಿ ತಂದೆ. "ಅಂಗಿ ಮಾರೋಕೆ ಬಳೆ ಬಿಚ್ಚಿದ್ಯಾ?" ಎಂದು ಅತ್ತೆಯವರು ಮೂರು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಜಾತ್ರೆಯಲ್ಲಿ ಪೂರ್ತಿ ಅಂಗಡಿ ಹಿಡಿಯುವ ಶಕ್ತಿ ನಮಗೆಲ್ಲಿ? ಪರಿಚಯದವರ ಬಳೆ ಅಂಗಡಿಯ ಮಗ್ಗುಲಿಗೆ ಆರಡಿ ಜಾಗ ಕೇಳಿ ಪಡೆದೆವು.

ಮಷೀನೆಂದರೆ ದೊಡ್ಡದೊಂದು ಇಸ್ತ್ರಿಪೆಟ್ಟಿಗೆ ಎಂದುಕೊಳ್ಳಿ. ಕೆಳಗೆ ಮೆತ್ತನೆಯ ಹಾಸು, ಮೇಲೆ ಕಾಯುವ ತಟ್ಟೆ, ಎಳೆದು ಒತ್ತಲು ಹಿಡಿಕೆ. ಇದರಲ್ಲಿ ಎರಡು ಬಗೆಯ ಕೆಲಸ. ಬಿಳೀ ಪಾಲಿಯೆಸ್ಟರ್ ಅಂಗಿಯಾದರೆ, ವಿಶೇಷ ಶಾಯಿಯಲ್ಲಿ ಕಾಗದದ ಮೇಲೆ ಮುದ್ರಿಸಿ, 200 ಡಿಗ್ರಿಯ ಹತ್ತಿರ ಕಾಯಿಸಿ, ಸುಮಾರು ಒಂದು ನಿಮಿಷ ಒತ್ತಬೇಕು. ಶಾಯಿ ಆವಿಯಾಗಿ ನೂಲಿನೊಳಕ್ಕೇ ಇಳಿಯುತ್ತದೆ, ಒಗೆದರೂ ಹೋಗುವುದಿಲ್ಲ. ಕಾಗದದ ಮೇಲೆ ಮಾತ್ರ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಇರಬೇಕು. ಮೊದಲ ದಿನ ನಮ್ಮ ಮನೆಯವರು ಅದನ್ನೇ ಮರೆತರು! ಆ ಅಂಗಿಯನ್ನು ನಮ್ಮ ಮಗ ಈಗಲೂ ಮನೆಯಲ್ಲಿ ಹಾಕಿಕೊಳ್ಳುತ್ತಾನೆ, ಕನ್ನಡಿಯ ಮುಂದೆ ನಿಂತರೆ ಓದಬಹುದು.

ಹತ್ತಿಯ ಬಟ್ಟೆಗೂ ಕೆಂಪು, ಕಪ್ಪು ಬಣ್ಣದ ಅಂಗಿಗೂ ಆ ಶಾಯಿ ನಡೆಯದು. ಅದಕ್ಕೆ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಹಿಂಬದಿಗೆ ಅಂಟಿನ ಪುಡಿ ಕೂರಿಸಿದ ಫಿಲ್ಮ್ ಬೇಕು. ಹುಬ್ಬಳ್ಳಿಯಲ್ಲಿ ಮಾಡಿಸಿದರೆ ಬಸ್ಸಿನಲ್ಲಿ ಬರುತ್ತದೆ. 160 ಡಿಗ್ರಿ ಶಾಖ, ಹದಿನೈದು ಸೆಕೆಂಡು. ಅಂಟು ಕರಗಿ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಹಾಳೆ ಬಿಡಿಸಿ, ಮೇಲೆ ಬಟರ್ ಪೇಪರ್ ಹಾಸಿ ಇನ್ನೊಮ್ಮೆ ಒತ್ತಬೇಕು. ದೋಸೆ ಕಾವಲಿಯ ಹಾಗೇ ಅನ್ನಿ. ಒಂದು ದೋಸೆ ಎತ್ತಿದೊಡನೆ ಕಾವಲಿ ಸ್ವಲ್ಪ ತಣಿಯುತ್ತದಲ್ಲ? ಮತ್ತೆ ಕಾಯಲು ಬಿಡದೆ ಹಿಟ್ಟು ಹುಯ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕೇ?

ತಿರುಪ್ಪೂರಿನ ಹತ್ತಿ ಅಂಗಿಗೆ ನಮಗೆ ಬಿದ್ದ ದರ 130 ರೂಪಾಯಿ. ಫಿಲ್ಮು, ಚೀಲ ಸೇರಿ ಇನ್ನೊಂದು 40. ಮಾರಿದ್ದು 250ಕ್ಕೆ. ಜಾಗದ ಬಾಡಿಗೆ, ಕರೆಂಟಿನ ಹಣ ಬೇರೆ. ಪುಟಾಣಿಗಳ ಹೆಸರು, ಅಜ್ಜ ಅಜ್ಜಿಯರ ಫೋಟೋ, ಗೆಳೆಯರ ಗುಂಪಿನ ಹೆಸರು, ಏನೆಲ್ಲ ಕೇಳಿದರು! ಸಿನಿಮಾ ನಟರ ಚಿತ್ರ, ಕ್ರಿಕೆಟ್ ತಂಡದ ಲಾಂಛನ ಕೇಳಿದರೆ ಮಾತ್ರ ಇಲ್ಲವೆನ್ನುತ್ತಿದ್ದೆ. ಅವು ಪರರ ಸೊತ್ತು, ಅಪ್ಪಣೆಯಿಲ್ಲದೆ ಹಾಕಿ ಮಾರುವಂತಿಲ್ಲ. ರಾಷ್ಟ್ರಧ್ವಜವನ್ನು ಬಟ್ಟೆಯ ಮೇಲೆ ಮುದ್ರಿಸುವುದಕ್ಕೂ 1971ರ ಕಾನೂನಿನ ತಡೆಯಿದೆ ಎಂದು ತಮ್ಮ ಮೊದಲೇ ಎಚ್ಚರಿಸಿದ್ದ. ಕನ್ನಡದ ಒತ್ತಕ್ಷರವಂತೂ ಕಂಪ್ಯೂಟರಿನಲ್ಲಿ ಒಮ್ಮೊಮ್ಮೆ ಎಲ್ಲಿಗೋ ಜಿಗಿದು ಕೂರುತ್ತಿತ್ತು. ಹಾಗಾಗಿ ಗಿರಾಕಿಯ ಕೈಯಲ್ಲೇ ಚೀಟಿ ಬರೆಸಿ, ಒತ್ತುವ ಮೊದಲು ತೋರಿಸುವ ರೂಢಿ ಮಾಡಿಕೊಂಡೆ.

ಇಷ್ಟೆಲ್ಲ ಎಚ್ಚರ ಇದ್ದವಳು ಎಡವಿದ್ದು ಎಲ್ಲಿ ಗೊತ್ತೇ?

2022ರ ಜಾತ್ರೆಯ ಕೊನೆಕೊನೆಯ ದಿನ. ಯಲ್ಲಾಪುರ ಕಡೆಯ ಹಳ್ಳಿಯ ಹೆಂಗಸೊಬ್ಬರು ಎರಡು ದಿನ ಮೊದಲೇ ಬಂದು ಏಳು ಕೆಂಪು ಅಂಗಿ ಹೇಳಿ ಹೋಗಿದ್ದರು. ಮಗಳ ಶಾಲೆಯ ಹುಡುಗಿಯರ ಕಬಡ್ಡಿ ತಂಡಕ್ಕೆ. ಎದೆಗೆ ಊರಿನ ಹೆಸರು, ಬೆನ್ನಿಗೆ ಒಂದರಿಂದ ಏಳರವರೆಗೆ ನಂಬರು. ನಾಲ್ಕಾರು ಮನೆಯ ತಾಯಂದಿರು ಕೂಡಿಹಾಕಿದ ಹಣ. ಹತ್ತರ, ಇಪ್ಪತ್ತರ ನೋಟುಗಳನ್ನು ಕರವಸ್ತ್ರದಿಂದ ಬಿಚ್ಚಿ ಎಣಿಸಿಕೊಟ್ಟರು.

ಅಂದು ಸಂಜೆ ಜನವೋ ಜನ. ಸಾಲಿನ ಅಂಗಡಿಗಳೆಲ್ಲ ದೀಪ ಹಾಕಿದವು. ನಮ್ಮ ಮಷೀನು ಎರಡು ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜು ಕುಸಿಯಿತು. ಒಂದು ಅಂಗಿ ಒತ್ತಿದರೆ 160 ಇದ್ದದ್ದು 140ಕ್ಕೆ ಇಳಿಯುತ್ತದೆ, ಮೇಲೇಳುವುದೇ ಇಲ್ಲ! ಎದುರಿಗೆ ಹತ್ತು ಜನ ನಿಂತು "ಬೇಗ, ಬೇಗ" ಅನ್ನುತ್ತಿದ್ದಾರೆ. ಆ ಹೆಂಗಸಿಗೆ ಕೊನೆಯ ಬಸ್ಸು. ನಾನು ಕಾಯಲಿಲ್ಲ. ಎರಡನೇ ಸಲ ಒತ್ತುವುದನ್ನೂ ಬಿಟ್ಟೆ. ಏಳನೇ ನಂಬರಿನ ಅಂಗಿಯಲ್ಲಿ ಅಂಕಿಯ ಅಂಚು ಚೂರು ಎದ್ದದ್ದು ನನಗೆ ಕಂಡಿತು. ಕಂಡಿತು ಅಂದೆನಲ್ಲ, ಅದೇ ನನ್ನ ತಪ್ಪು. ಹೆಬ್ಬೆರಳಿನಿಂದ ತಿಕ್ಕಿ ಕೂರಿಸಿ, ಮಡಚಿ ಚೀಲಕ್ಕೆ ಹಾಕಿದೆ. 'ಜಾತ್ರೆಯ ಗಿರಾಕಿ, ಮತ್ತೆಲ್ಲಿ ಬರುತ್ತಾರೆ' ಎಂದು ಮನಸ್ಸು ಅಂದಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಮನಸ್ಸು.

ಆ ವರ್ಷ ಖರ್ಚೆಲ್ಲ ಕಳೆದು 7,000 ಉಳಿಯಿತು. ಮುಂದೆ ರಾಜ್ಯೋತ್ಸವಕ್ಕೆ, ಶಾಲೆಗಳ ಕ್ರೀಡಾಕೂಟಕ್ಕೆ ಆರ್ಡರು ಬಂದು, ಮರುವರ್ಷ ಬಳೆಯನ್ನೂ ಬಿಡಿಸಿಕೊಂಡೆ. ಅತ್ತೆಯವರೇ ಎಲ್ಲರಿಗೂ "ನಮ್ಮ ಸೊಸೆ ಅಂಗಡಿ" ಎನ್ನತೊಡಗಿದರು.

2024ರ ಮಾರ್ಚಿನಲ್ಲಿ ಮತ್ತೆ ಜಾತ್ರೆ. ಅದೇ ಬಳೆ ಅಂಗಡಿಯ ಮಗ್ಗುಲು. ಮೂರನೆಯ ದಿನ ಮಧ್ಯಾಹ್ನ ಜನ ಕಡಿಮೆ ಇದ್ದಾಗ ಒಬ್ಬರು ಬಂದು ನಿಂತರು. ಚೀಲದಿಂದ ಒಂದು ಕೆಂಪು ಅಂಗಿ ತೆಗೆದು ಮೇಜಿನ ಮೇಲೆ ಹರಡಿದರು.

"ಅಕ್ಕಾ, ಇದು ನಿಮ್ಮಲ್ಲೇ ಮಾಡಿಸಿದ್ದಲ್ವಾ?"

ಬೆನ್ನಿನ ಮೇಲೆ ನಂಬರು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಸ್ಕೆಚ್ ಪೆನ್ನಿನಿಂದ ಏಳು ಎಂದು ತಿದ್ದಿ ತಿದ್ದಿ ಬರೆದಿತ್ತು. ಮೊದಲ ಸಲ ಒಗೆದಾಗಲೇ ಅಂಕಿ ಹಪ್ಪಳದಂತೆ ಎದ್ದು ಬಂತಂತೆ. ಉಳಿದ ಆರರಲ್ಲಿ ನಾಲ್ಕರ ಗತಿಯೂ ಅದೇ. ಪಂದ್ಯದ ದಿನ ಬೇರೆ ಶಾಲೆಯವರು ನೋಡಿ ನಕ್ಕರಂತೆ. "ಮಗಳು ರಾತ್ರಿಯಿಡೀ ಅತ್ಲು. ಆದ್ರೂ ಅದೇ ಅಂಗಿ ಹಾಕ್ಕೊಂಡೇ ಆಡಿದ್ಲು" ಎಂದರು. ಬಯ್ಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕರೆಂಟಿನ ಮೇಲೆ ಹಾಕಬಹುದಿತ್ತು, ಹುಬ್ಬಳ್ಳಿಯ ಫಿಲ್ಮಿನ ಮೇಲೂ ಹಾಕಬಹುದಿತ್ತು. ಬಾಯಿ ಬರಲಿಲ್ಲ. "ಅಂಚು ಎದ್ದದ್ದು ನಂಗೆ ಅವತ್ತೇ ಕಂಡಿತ್ತು ತಂಗೀ. ತಪ್ಪಾಯ್ತು" ಎಂದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ತಿರುಗಿ ನನ್ನ ಮುಖ ನೋಡಿದರು. ಅವರಿಗೂ ನಾನದನ್ನು ಹೇಳಿರಲಿಲ್ಲ.

ಏಳಕ್ಕೆ ಏಳೂ ಹೊಸದು ಮಾಡಿಕೊಡುತ್ತೇನೆ ಎಂದೆ. ಆಕೆ ನಕ್ಕರು. "ಏಳು ಯಾರಿಗೆ ಅಕ್ಕಾ? ಆಗ ಎಂಟನೇ ಕ್ಲಾಸು, ಈಗ ಹತ್ತು. ಇಬ್ಬರು ಶಾಲೆ ಬಿಟ್ರು, ಒಬ್ಬಳು ಅಜ್ಜಿಮನೆಗೆ ಹೋದ್ಲು. ತಂಡ ಎಲ್ಲಿದೆ?" ಹಣ ವಾಪಸು ಕೊಡಹೋದರೆ ತಮ್ಮ ಪಾಲಿನದು ಬೇಡವೆಂದರು, ಉಳಿದ ತಾಯಂದಿರದ್ದನ್ನು ಮಾತ್ರ ತೆಗೆದುಕೊಂಡರು. "ಮಗಳಿಗೊಂದು ಅಂಗಿ ಸರಿಯಾಗಿ ಮಾಡ್ಕೊಡಿ, ಸಾಕು. ಇನ್ನೂ ಆಡ್ತಾಳೆ ಅವಳು."

ಆ ಒಂದು ಅಂಗಿಗೆ ಎಷ್ಟು ಹೊತ್ತು ತೆಗೆದುಕೊಂಡೆನೋ! ಮೊದಲು ಬರೀ ಬಟ್ಟೆಯನ್ನು ಐದು ಸೆಕೆಂಡು ಒತ್ತಿ ತೇವ ಹಾರಿಸಿದೆ. ಶಾಖ 160 ಮುಟ್ಟುವವರೆಗೆ ಕಾದೆ. ಒತ್ತಿದೆ, ಆರಿಸಿದೆ, ಹಾಳೆ ಬಿಡಿಸಿದೆ, ಮತ್ತೆ ಒತ್ತಿದೆ. ಅಂಚನ್ನು ಉಗುರಿನಿಂದ ಕೆರೆದು ಅವರಿಗೇ ತೋರಿಸಿದೆ. ಆಕೆ ಹೋಗುವಾಗ ಹಳೆಯ ಅಂಗಿ ಮೇಜಿನ ಮೇಲೇ ಉಳಿಯಿತು. ಕೂಗಿ ಕರೆದೆ. "ಇರಲಿ ಬಿಡಿ, ನಿಮ್ಮತ್ರನೇ" ಎಂದರು.

ಅಂದಿನಿಂದ ಸಂಜೆ ವೋಲ್ಟೇಜು ಬಿದ್ದರೆ ನಾನು ಒತ್ತುವುದನ್ನೇ ನಿಲ್ಲಿಸುತ್ತೇನೆ. "ನಾಳೆ ಬೆಳಿಗ್ಗೆ ಬನ್ನಿ" ಎನ್ನುತ್ತೇನೆ. ಗಿರಾಕಿ ಹೋದರೆ ಹೋಗಲಿ. ಹೊಸ ಫಿಲ್ಮು ಬಂದಾಗ ಒಂದು ತುಂಡಿಗೆ ಒತ್ತಿ, ಮನೆಯಲ್ಲಿ ಮೂರು ಸಲ ಒಗೆದು ನೋಡುತ್ತೇನೆ. ಪ್ರತಿ ಚೀಲದಲ್ಲೂ ಒಂದು ಚೀಟಿ ಇಡುತ್ತೇನೆ: ಒಂದು ದಿನ ಕಳೆದ ಮೇಲೆಯೇ ಒಗೆಯಿರಿ, ಒಳಮಗ್ಗುಲು ತಿರುವಿ ತಣ್ಣೀರಿನಲ್ಲಿ ಒಗೆಯಿರಿ, ಅಚ್ಚಿನ ಮೇಲೆ ಇಸ್ತ್ರಿ ಮಾಡಬೇಡಿ. ಕೆಳಗೆ ನಮ್ಮ ಫೋನ್ ನಂಬರು. ಮೊದಲ ಜಾತ್ರೆಯಲ್ಲಿ ಅದನ್ನು ಬರೆಯುವ ಧೈರ್ಯ ನನಗಿರಲಿಲ್ಲ.

ನಿಮ್ಮಲ್ಲಿಯೂ ಯಾರಾದರೂ ಹಪ್ಪಳ, ಸಂಡಿಗೆ ಮಾಡಿ ಸಂತೆಗೆ ಕಳಿಸುವವರಿರಬಹುದು, ರವಿಕೆ ಹೊಲಿದುಕೊಡುವವರಿರಬಹುದು. ಹಣ ಕಡಿಮೆ ಬಿದ್ದರೆ ಹೆದರಬೇಡಿ, ಅದು ಹೇಗೋ ಹೊಂದುತ್ತದೆ. ಅಂಚು ಎದ್ದದ್ದು ಕಣ್ಣಿಗೆ ಬಿದ್ದಾಗ ಮಾತ್ರ ಹೆಬ್ಬೆರಳಿನಿಂದ ತಿಕ್ಕಿ ಕೂರಿಸಬೇಡಿ. ಎಲ್ಲೋ ಒಬ್ಬಳು ಹುಡುಗಿ ಅದನ್ನು ತೊಟ್ಟುಕೊಂಡು ನಾಲ್ಕು ಜನರೆದುರು ನಿಲ್ಲುತ್ತಾಳೆ.

ಆ ಕೆಂಪು ಅಂಗಿ ಈಗಲೂ ನಮ್ಮಲ್ಲಿದೆ. ಕೆಲಸ ಮುಗಿದ ಮೇಲೆ ಧೂಳು ಕೂರದ ಹಾಗೆ ಅದನ್ನೇ ಮಷೀನಿಗೆ ಹೊದಿಸುತ್ತೇನೆ. ಮರುದಿನ ಅದನ್ನು ತೆಗೆಯದೆ ಕೆಲಸ ಶುರುವಾಗುವಂತಿಲ್ಲವಲ್ಲ!